ಗಟ್ಟಿಗಿತ್ತಿಗೂ ನೋಯುತ್ತದೆ

1959ರ ಹಾಲಿವುಡ್ ಚಿತ್ರ ‘ಇಮಿಟೇಷನ್ ಆಫ್ ಲೈಫ್’ನಲ್ಲಿ ಒಂದು ಸಣ್ಣ ಮಾತುಕತೆ ಇದೆ. ಆ್ಯನಿ ಕಪ್ಪು ಹೆಂಗಸು. ಲೋರಾ ಎಂಬ ಬಿಳಿಯ ನಟಿಯ ಮನೆಯಲ್ಲಿ ಅಡುಗೆ, ಚಾಕರಿ, ಲೋರಾಳ ಮಗಳ ಲಾಲನೆ ಪಾಲನೆ ಎಲ್ಲ ವರ್ಷಗಟ್ಟಲೆಯಿಂದ ಅವಳದೇ. ಒಮ್ಮೆ ಆ್ಯನಿ ತನ್ನ ಗೆಳೆಯರ ವಿಷಯ ತೆಗೆದಾಗ ಲೋರಾಗೆ ಆಶ್ಚರ್ಯವಾಗುತ್ತದೆ. ಇವಳಿಗೆ ಗೆಳೆಯರಿದ್ದಾರೆ, ಚರ್ಚಿದೆ, ಸಂಘಗಳಿವೆ, ನೂರಾರು ಜನರ ಪರಿಚಯವಿದೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ನೀವು ಯಾವತ್ತೂ ಕೇಳಲಿಲ್ಲ ಎಂಬರ್ಥದ ಉತ್ತರವನ್ನು ಆ್ಯನಿ ಮೆಲ್ಲಗೆ ಕೊಡುತ್ತಾಳೆ. ಕೊನೆಯಲ್ಲಿ ಅವಳ ಅಂತ್ಯಯಾತ್ರೆ. ಬಿಳಿ ಕುದುರೆಗಳು ಎಳೆಯುವ ಗಾಡಿ, ಬೀದಿಯ ಇಕ್ಕೆಲದಲ್ಲೂ ಜನ, ಚರ್ಚಿನಲ್ಲಿ ಮಹೇಲಿಯಾ ಜಾಕ್ಸನ್ ಅವರ ಗಾಯನ. ಒಂದೇ ಸೂರಿನಡಿ ಬದುಕಿದವಳಿಗೆ ಕಾಣದಿದ್ದ ಆ್ಯನಿಯ ಬದುಕು ಅವಳು ಸತ್ತ ದಿನ ಬೀದಿ ತುಂಬಿ ನಿಲ್ಲುತ್ತದೆ. ಅಮೆರಿಕದ ಕಪ್ಪು ಹೆಣ್ಣನ್ನು ಆ ದೇಶದ ಸಿನಿಮಾ ಕಂಡಿರುವ ಬಗೆಯೆಲ್ಲ ಈ ಒಂದು ಪ್ರಸಂಗದಲ್ಲಿದೆ ಎನಿಸುತ್ತದೆ. ಅವಳನ್ನು ಹೊಗಳುವುದರಲ್ಲಿ ಸಿನಿಮಾ ಜಿಪುಣತನ ಮಾಡಿಲ್ಲ. ಗಟ್ಟಿಗಿತ್ತಿ, ಎಂಥ ಕಷ್ಟವನ್ನೂ ನುಂಗಿಕೊಳ್ಳುವವಳು, ಎಲ್ಲರಿಗೂ ತಾಯಿ ಎಂದು ಎತ್ತರದಲ್ಲಿ ಕೂರಿಸಿದೆ. ಆ ಹೊಗಳಿಕೆಯನ್ನೇ ನಾವು ಅನುಮಾನಿಸಬೇಕು. ನೋವು ತಡೆಯಬಲ್ಲವಳು ಎಂದು ಒಬ್ಬಳನ್ನು ಕೊಂಡಾಡುತ್ತ ಹೋದರೆ, ಅವಳಿಗೆ ನೋವಾದಾಗ ಯಾರೂ ಎದ್ದು ಬರುವುದಿಲ್ಲ.

ತ್ಯಾಗಮಯಿ ತಾಯಿ ಯಾವ ದೇಶದ ಸಿನಿಮಾದಲ್ಲಿಲ್ಲ ಎಂದು ಕೇಳಬಹುದು. ನಿಜ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್‌ಗೆ ನಾಯಕಿಯಾಗಿದ್ದ ಪಂಡರಿಬಾಯಿ ಮುಂದೆ ಅವರಿಗೇ ತಾಯಿಯಾಗಿ ಕಣ್ಣೀರು ಹಾಕಿದ್ದನ್ನು ಕಂಡ ನಮಗೆ ಅಮ್ಮನ ಪಾತ್ರ ಹೊಸದಲ್ಲ. ಆದರೆ ಆ ಅಮ್ಮ ಸವೆಯುವುದು ತನ್ನ ಮಗನಿಗಾಗಿ. ಹಾಲಿವುಡ್‌ನ ‘ಗಾನ್ ವಿತ್ ದಿ ವಿಂಡ್’ ಚಿತ್ರದ ಗುಲಾಮ ಹೆಣ್ಣು ಮ್ಯಾಮಿಗೆ ಕಥೆಯುದ್ದಕ್ಕೂ ಸ್ವಂತ ಮಗುವಿಲ್ಲ, ಗಂಡನಿಲ್ಲ, ಮ್ಯಾಮಿ ಎಂಬುದರ ಹೊರತು ಹೆಸರೂ ಇಲ್ಲ. ಅವಳ ಮಮತೆಯೆಲ್ಲ ಒಡೆಯರ ಮನೆಯ ಹುಡುಗಿಗೆ. ಆ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡೇನಿಯಲ್ 1940ರಲ್ಲಿ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆಯಾದರು. ಸಮಾರಂಭ ನಡೆದ ಲಾಸ್ ಏಂಜಲೀಸ್‌ನ ಹೋಟೆಲಿನಲ್ಲಿ ಕಪ್ಪುಜನರಿಗೆ ಪ್ರವೇಶವಿರಲಿಲ್ಲ. ವಿಶೇಷ ಅನುಮತಿಯ ಮೇಲೆ ಒಳಗೆ ಬಿಟ್ಟರು, ಚಿತ್ರದ ಇತರ ಕಲಾವಿದರಿಂದ ದೂರದ ಒಂದು ಮೇಜಿನಲ್ಲಿ ಕೂರಿಸಿದರು. ಅದಕ್ಕೂ ಮೊದಲು ಅಟ್ಲಾಂಟಾದಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಅವರು ಹೋಗುವಂತೆಯೇ ಇರಲಿಲ್ಲ. ಈ ಸ್ಥಿತಿಯ ಬೇರು ಸಿನಿಮಾಗಿಂತ ಬಹಳ ಹಳೆಯದು. 1662ರಲ್ಲಿ ವರ್ಜೀನಿಯಾ ವಸಾಹತು ಒಂದು ಕಾನೂನು ಮಾಡಿತು. ಹುಟ್ಟುವ ಮಗು ಗುಲಾಮನೋ ಸ್ವತಂತ್ರನೋ ಎಂಬುದನ್ನು ತಾಯಿಯ ಸ್ಥಿತಿ ನೋಡಿ ನಿರ್ಧರಿಸತಕ್ಕದ್ದು ಎಂದು. ಇಂಗ್ಲಿಷ್ ಪದ್ಧತಿಯಲ್ಲಿ ಮಗು ತಂದೆಯ ಸ್ಥಾನಮಾನ ಪಡೆಯುತ್ತಿತ್ತು. ಇಲ್ಲಿ ಅದನ್ನು ತಿರುಗಿಸಿದ್ದರಿಂದ ಒಡೆಯನೇ ಬಲಾತ್ಕಾರದಿಂದ ಮಗು ಹುಟ್ಟಿಸಿದರೂ ಅದು ಅವನ ಆಸ್ತಿಯ ಪಟ್ಟಿಗೆ ಸೇರಿತು. ಹೆರುವವಳು ಗುಲಾಮ ಹೆಣ್ಣು, ಮಗು ಮಾತ್ರ ಇನ್ನೊಬ್ಬರದು. 1856ರಲ್ಲಿ ಕೆಂಟಕಿಯಿಂದ ಓಡಿಬಂದು, ಹೆಪ್ಪುಗಟ್ಟಿದ ಒಹಾಯೊ ನದಿ ದಾಟಿ, ಹಿಡಿಯಲು ಬಂದವರು ಬಾಗಿಲಿಗೆ ಬಂದಾಗ ಮಗಳು ಮತ್ತೆ ಗುಲಾಮಳಾಗದಿರಲೆಂದು ತನ್ನ ಕೈಯಾರೆ ಕೊಂದ ಮಾರ್ಗರೆಟ್ ಗಾರ್ನರ್‌ಳನ್ನು ನೆನೆಯಬೇಕು. ಟೋನಿ ಮಾರಿಸನ್ ಅವರ ‘ಬಿಲವ್ಡ್’ ಕಾದಂಬರಿಗೂ ಅದರಿಂದ ಬಂದ 1998ರ ಚಿತ್ರಕ್ಕೂ ಬೀಜವಾದದ್ದು ಈ ತಾಯಿಯ ಕಥೆ. ತಾಯ್ತನವನ್ನು ಕಾನೂನೇ ಕಿತ್ತುಕೊಂಡ ನಾಡಿನಲ್ಲಿ ಪರರ ಮಕ್ಕಳಿಗೆ ನಗುನಗುತ್ತ ತಾಯಿಯಾಗುವ ಮ್ಯಾಮಿಯ ಚಿತ್ರ ಬಿಳಿಯ ಪ್ರೇಕ್ಷಕರಿಗೆ ಸಮಾಧಾನ ಕೊಟ್ಟಿದ್ದು ಸಹಜ. ಆ ಸಮಾಧಾನವೇ ಅನ್ಯಾಯದ ಮುಂದುವರಿಕೆ.

ಸಂಬಂಧಗಳ ವಿಷಯಕ್ಕೆ ಬಂದರೆ ಹೊಗಳಿಕೆ ಆರೋಪವಾಗಿ ತಿರುಗುತ್ತದೆ. 1965ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯಲ್ಲಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಕಪ್ಪು ಕುಟುಂಬಗಳ ಬಗ್ಗೆ ಬರೆದ ವರದಿ, ಹೆಂಗಸರೇ ಮುಂದಾಳುಗಳಾಗಿರುವ ಮನೆತನದ ವ್ಯವಸ್ಥೆಯನ್ನು ಆ ಸಮುದಾಯದ ದೊಡ್ಡ ತೊಡಕೆಂದು ಎತ್ತಿ ತೋರಿಸಿತು. ಗಂಡಸರ ನಿರುದ್ಯೋಗದ ಬಗ್ಗೆಯೂ ಅದರಲ್ಲಿ ಕಾಳಜಿಯಿತ್ತು ಎಂಬುದನ್ನು ಒಪ್ಪೋಣ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಗಂಡನನ್ನು ಕುಗ್ಗಿಸುವ ಜೋರು ಹೆಂಗಸಿನ ಚಿತ್ರ. ಮನೆಯಿಂದ ಗಂಡಸನ್ನು ಹೊರಗಿಟ್ಟವರು ಯಾರು ಎಂಬುದನ್ನು ತಿಳಿಯಲು 1974ರ ‘ಕ್ಲಾಡೀನ್’ ನೋಡಬೇಕು. ಡಯಾನ್ ಕ್ಯಾರಲ್ ಇಲ್ಲಿ ಆರು ಮಕ್ಕಳ ತಾಯಿ. ಸರ್ಕಾರ ಕೊಡುವ ಸಹಾಯಧನ ಸಾಲದೆ ಕದ್ದುಮುಚ್ಚಿ ಮನೆಗೆಲಸಕ್ಕೆ ಹೋಗುತ್ತಾಳೆ, ಕಸ ಸಾಗಿಸುವ ರೂಪ್‌ನನ್ನು ಪ್ರೀತಿಸುತ್ತಾಳೆ. ತಪಾಸಣೆಗೆ ಅಧಿಕಾರಿಣಿ ಬರುತ್ತಾಳೆಂದು ತಿಳಿದ ಕೂಡಲೇ ಮನೆಯಲ್ಲಿ ಗಡಿಬಿಡಿ. ತಾಯಿ ಮಕ್ಕಳು ಸೇರಿ ಮನೆಯ ಸಾಮಾನುಗಳನ್ನು ಬಚ್ಚಿಡುತ್ತಾರೆ. ಪ್ರಿಯಕರ ತಂದುಕೊಟ್ಟ ಉಡುಗೊರೆಯೂ ಆದಾಯದ ಲೆಕ್ಕಕ್ಕೆ ಬಂದು ಸಹಾಯಧನದಲ್ಲಿ ಕಡಿತವಾಗುತ್ತದೆ. ಇದು ಕಥೆಗಾರನ ಕಲ್ಪನೆಯಷ್ಟೇ ಅಲ್ಲ. ತಾಯಿಗೆ ಗಂಡಸಿನ ಸಂಬಂಧವಿದೆ ಎಂದು ಗೊತ್ತಾದರೆ ಮಕ್ಕಳ ಸಹಾಯಧನ ನಿಲ್ಲಿಸುವ ನಿಯಮ ಅಲಬಾಮಾದಲ್ಲಿತ್ತು. ಅದನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1968ರಲ್ಲಿ. ಸರ್ಕಾರ ಒಂದು ಕೈಯಲ್ಲಿ ಗಂಡಸನ್ನು ಹೊರಗೆ ತಳ್ಳಿ, ಇನ್ನೊಂದು ಕೈಯಲ್ಲಿ ಈ ಮನೆಯಲ್ಲಿ ಗಂಡಸಿಲ್ಲ ಎಂದು ವರದಿ ಬರೆಯಿತು. ಇಂದಿಗೂ ಮದುವೆಯಾಗದ ತಾಯಂದಿರ ಅಂಕಿಸಂಖ್ಯೆ ಮುಂದಿಟ್ಟು ಕಪ್ಪು ಕುಟುಂಬವೇ ಕುಸಿದಿದೆ ಎನ್ನುವವರಿದ್ದಾರೆ. ಮದುವೆಯಾಗದಿರುವುದು ಒಂದು ವಿಷಯ, ತಂದೆ ಇಲ್ಲದಿರುವುದು ಬೇರೆಯದೇ ವಿಷಯ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ, ಅಂದರೆ ಸಿಡಿಸಿ, 2013ರಲ್ಲಿ ಹೊರತಂದ ಸಮೀಕ್ಷೆಯನ್ನೇ ನೋಡಿ. ಮಕ್ಕಳ ಜೊತೆಗಿರುವ ಕಪ್ಪು ತಂದೆಯರು ಊಟ ಮಾಡಿಸುವುದರಲ್ಲಿ, ಸ್ನಾನ ಮಾಡಿಸಿ ಬಟ್ಟೆ ಹಾಕುವುದರಲ್ಲಿ ಬೇರೆ ತಂದೆಯರಿಗಿಂತ ಹಿಂದೆ ಬಿದ್ದಿರಲಿಲ್ಲ.

ಸಿನಿಮಾ ಬರೀ ಸಿನಿಮಾ, ಅದರಿಂದ ಯಾರ ಪ್ರಾಣವೂ ಹೋಗುವುದಿಲ್ಲ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ಇದಕ್ಕೆ ಹೆರಿಗೆ ಆಸ್ಪತ್ರೆಯಿಂದ ಉತ್ತರ ಹುಡುಕಬೇಕು. ಸಿಡಿಸಿ ಲೆಕ್ಕದ ಪ್ರಕಾರ 2023ರಲ್ಲಿ ಅಮೆರಿಕದಲ್ಲಿ ಪ್ರತಿ 1 ಲಕ್ಷ ಜೀವಂತ ಜನನಗಳಿಗೆ ಸತ್ತ ಬಿಳಿಯ ತಾಯಂದಿರು 14.5, ಕಪ್ಪು ತಾಯಂದಿರು 50.3. ಬಡತನವೇ ಕಾರಣ ಎನ್ನೋಣವೆಂದರೆ ಓದು, ಹಣ, ಕೀರ್ತಿ ಇದ್ದವರಿಗೂ ಇದು ತಪ್ಪಿಲ್ಲ. 2017ರಲ್ಲಿ ಸಿಸೇರಿಯನ್ ಆದ ಮರುದಿನ ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್‌ಗೆ ಉಸಿರು ಕಟ್ಟಿತು. ರಕ್ತ ಹೆಪ್ಪುಗಟ್ಟುವ ತೊಂದರೆ ಅವರಿಗೆ ಹಿಂದೆಯೂ ಇತ್ತು. ತಕ್ಷಣ ಸಿಟಿ ಸ್ಕ್ಯಾನ್ ಮಾಡಿ, ರಕ್ತ ತೆಳುವಾಗುವ ಔಷಧಿ ಕೊಡಿ ಎಂದು ಅವರೇ ಕೇಳಿದರೂ, ನೋವುಮದ್ದಿನ ಅಮಲಿನಲ್ಲಿ ಏನೋ ಹೇಳುತ್ತಿದ್ದಾರೆ ಎಂದು ನರ್ಸ್ ಭಾವಿಸಿದರು. ಕೊನೆಗೆ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪು ಕಂಡಿತು. ಜಗತ್ತೇ ಬಲ್ಲ ಬಾಣಂತಿಯ ಮಾತಿಗೆ ಇಷ್ಟು ಬೆಲೆ ಎಂದಾದರೆ, ಹೆಸರಿಲ್ಲದವಳ ಮಾತನ್ನು ಯಾರು ಕೇಳಿಯಾರು? 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಪರೀಕ್ಷಿಸಿದಾಗ, ಕಪ್ಪುಜನರ ಚರ್ಮ ದಪ್ಪ ಎಂಬಂಥ ಒಂದಾದರೂ ಸುಳ್ಳನ್ನು ಸುಮಾರು ಅರ್ಧದಷ್ಟು ಮಂದಿ ನಂಬಿದ್ದರು. ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದು ಅಳೆದರು. ಈ ನಂಬಿಕೆಗೂ ಚರಿತ್ರೆಯಿದೆ. 1840ರ ದಶಕದಲ್ಲಿ ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಮರಿಯನ್ ಸಿಮ್ಸ್ ಎಂಬ ವೈದ್ಯ ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಗುಲಾಮ ಹೆಣ್ಣುಗಳ ಮೇಲೆ ಅರಿವಳಿಕೆ ಕೊಡದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯ ಪ್ರಯೋಗ ಮಾಡಿದ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು ತೆಗೆದದ್ದು 2018ರಲ್ಲಿ. ತಾಯಂದಿರ ಈ ಸಾವುಗಳನ್ನೆಲ್ಲ ಸಿನಿಮಾದ ತಲೆಗೆ ಕಟ್ಟುವುದು ನನ್ನ ವಾದವಲ್ಲ. ರಕ್ತದೊತ್ತಡ, ವಿಮೆ, ಆಸ್ಪತ್ರೆಯ ದೂರ ಎಲ್ಲಕ್ಕೂ ಅದರದರ ಪಾಲಿದೆ. ಆದರೆ ಇವಳು ತಡೆದುಕೊಳ್ಳುತ್ತಾಳೆ ಎಂಬ ಹಳೆಯ ಸುಳ್ಳನ್ನು ಮಮತೆಯ ಬಣ್ಣ ಹಚ್ಚಿ ಮನೆಮನೆಗೂ ಮುಟ್ಟಿಸಿದ್ದು ಸಿನಿಮಾ. ತಾಳಿದವನು ಬಾಳಿಯಾನು ಎನ್ನುತ್ತೇವೆ. ಇಲ್ಲಿ ತಾಳಿದವಳೇ ಸಾಯುತ್ತಿದ್ದಾಳೆ.

ಹಾಗಾದರೆ ಆ ಗಟ್ಟಿತನವೆಲ್ಲ ಸುಳ್ಳೇ ಎಂದು ಕಪ್ಪು ಹೆಣ್ಣುಮಕ್ಕಳೇ ಕೇಳಿಯಾರು. ಅದು ಅವರ ಅಜ್ಜಿಯರು ಬಿಟ್ಟುಹೋದ ಗಳಿಕೆ, ಹೊರಗಿನವರು ಬಂದು ಅದನ್ನೂ ಕಿತ್ತುಕೊಳ್ಳುವುದು ಯಾವ ನ್ಯಾಯ? ಈ ಮಾತಿಗೆ ತಲೆಬಾಗಲೇಬೇಕು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಬಿಳಿಯರ ಕೈಯಲ್ಲಿ ಕೊಲೆಯಾದ 14 ವರ್ಷದ ಎಮೆಟ್ ಟಿಲ್‌ನ ಶವವನ್ನು ಷಿಕಾಗೊಗೆ ತರಿಸಿ, ಪೆಟ್ಟಿಗೆ ತೆರೆದಿಟ್ಟು ಜಗತ್ತಿಗೆ ತೋರಿಸಿದ ತಾಯಿ ಮೇಮಿ ಟಿಲ್ ಅವರ ಧೈರ್ಯಕ್ಕೆ ಸಾಟಿಯಿಲ್ಲ. ಫ್ಯಾನಿ ಲೂ ಹೇಮರ್ ಅವರ ಗರ್ಭಕೋಶವನ್ನು 1961ರಲ್ಲಿ ಅವರ ಒಪ್ಪಿಗೆಯಿಲ್ಲದೆ ವೈದ್ಯರು ತೆಗೆದುಹಾಕಿದರು. ಅವರು ಹೆಣ್ಣುಮಕ್ಕಳನ್ನು ದತ್ತು ಪಡೆದು ಸಾಕಿದರು, ಮತದಾನದ ಹಕ್ಕಿಗಾಗಿ ಏಟು ತಿಂದೂ ಹೋರಾಡಿದರು. ಇವರ ಗಟ್ಟಿತನ ಇವರು ಆರಿಸಿಕೊಂಡದ್ದು. ನೀನು ಗಟ್ಟಿಯಾಗಿರಲೇಬೇಕು ಎಂದು ಹೊರಗಿನವರು ಹೇರುವುದು ಬೇರೆ. ಈ ವ್ಯತ್ಯಾಸ ಚಿನೋನ್ಯೆ ಚುಕ್ವು ನಿರ್ದೇಶಿಸಿದ 2022ರ ‘ಟಿಲ್’ ಚಿತ್ರಕ್ಕೆ ಗೊತ್ತಿದೆ. ಹುಡುಗನನ್ನು ಹಿಂಸಿಸಿದ್ದನ್ನು ಅದು ತೆರೆಯ ಮೇಲೆ ತರುವುದಿಲ್ಲ. ಬದಲಿಗೆ ಸಾಕ್ಷಿಕಟ್ಟೆಯಲ್ಲಿ ಕೂತ ತಾಯಿಯ ಮುಖದ ಮೇಲೆ ಕ್ಯಾಮೆರಾ ಕದಲದೆ ಬಹಳ ಹೊತ್ತು ನಿಲ್ಲುತ್ತದೆ. ಡೇನಿಯಲ್ ಡೆಡ್‌ವೈಲರ್ ಅವರ ಆ ಮುಖದಲ್ಲಿ ಧೈರ್ಯವೂ ಇದೆ, ಕುಸಿತವೂ ಇದೆ. ಧೈರ್ಯವಂತೆಗೆ ನೋವಾಗುತ್ತಿದೆ ಎಂಬುದನ್ನು ನಾವು ನೋಡಲೇಬೇಕಾಗುತ್ತದೆ.

ದೇವತೆಯಂಥ ತಾಯಿಯ ಬದಲು ರಾಕ್ಷಸಿಯಂಥ ತಾಯಿಯನ್ನು ತಂದರೂ ಬಿಡುಗಡೆಯಿಲ್ಲ. 2009ರ ‘ಪ್ರೆಷಸ್’ನಲ್ಲಿ ಮೋನೀಕ್ ಅವರ ನಟನೆ ಅಸಾಮಾನ್ಯವಾದರೂ ಆ ತಾಯಿ ಹಳೆಯ ನಾಣ್ಯದ ಇನ್ನೊಂದು ಮುಖ. ಬೇಕಾದದ್ದು ಇವೆರಡರ ನಡುವಿನ ವಿಶಾಲ ಬದುಕು. ಅದನ್ನು ಕಟ್ಟಿದವರು ಹೆಚ್ಚಾಗಿ ಕಪ್ಪು ನಿರ್ದೇಶಕಿಯರೇ. ಜೂಲಿ ಡ್ಯಾಷ್ ಅವರ ‘ಡಾಟರ್ಸ್ ಆಫ್ ದಿ ಡಸ್ಟ್’ 1991ರದ್ದು. 1902ರಲ್ಲಿ ಅಮೆರಿಕದ ಆಗ್ನೇಯ ಕರಾವಳಿಯ ದ್ವೀಪವೊಂದರಲ್ಲಿದ್ದ, ಗಲ್ಲಾ ಎಂಬ ಕಪ್ಪು ಸಮುದಾಯದ ಕುಟುಂಬವೊಂದು ಊರು ಬಿಟ್ಟು ಉತ್ತರಕ್ಕೆ ಹೊರಡುವ ಮುನ್ನಾದಿನದ ಕಥೆ. ಬಸುರಿ ಯೂಲಾ ಬಲಾತ್ಕಾರಕ್ಕೆ ಒಳಗಾದವಳು, ಹೊಟ್ಟೆಯಲ್ಲಿರುವ ಮಗು ತನ್ನದೋ ಅಲ್ಲವೋ ಎಂದು ಗಂಡ ಈಲೈ ಬೇಯುತ್ತಿದ್ದಾನೆ. 1662ರ ಕಾನೂನು ಬಿತ್ತಿದ ವಿಷ ಅವರ ದಾಂಪತ್ಯದೊಳಗೆ ಇಳಿದಿದೆ. ಕಥೆ ಹೇಳುವ ದನಿಗಳಲ್ಲಿ ಒಂದು ಆ ಹುಟ್ಟಲಿರುವ ಮಗುವಿನದೇ. ಬಿಳಿಯುಡುಗೆಯ ಹೆಂಗಸರು ಮರಳಿನ ಮೇಲೆ ಅಡುಗೆ ಮಾಡುತ್ತಾರೆ, ಜಗಳವಾಡುತ್ತಾರೆ, ಸುಮ್ಮನೆ ಕೂತಿರುತ್ತಾರೆ. ಕಪ್ಪು ಹೆಂಗಸು ಏನೂ ಮಾಡದೆ ಸುಮ್ಮನೆ ಕೂತದ್ದನ್ನು ಅಮೆರಿಕದ ತೆರೆ ಅದುವರೆಗೆ ಎಷ್ಟು ಸಲ ತೋರಿಸಿತ್ತು? ಅದಕ್ಕೂ ಮುಂಚೆ 1982ರಲ್ಲಿ ಕ್ಯಾಥ್ಲೀನ್ ಕಾಲಿನ್ಸ್ ‘ಲೂಸಿಂಗ್ ಗ್ರೌಂಡ್’ ಮಾಡಿದ್ದರು. ನಾಯಕಿ ಸಾರಾ ತತ್ವಶಾಸ್ತ್ರದ ಅಧ್ಯಾಪಕಿ, ಗಂಡ ಚಿತ್ರಕಾರ. ಅವಳಿಗೆ ಸಂಬಳದ ಚಿಂತೆಯಿಲ್ಲ. ಪುಸ್ತಕದಲ್ಲಿ ಓದುತ್ತಿರುವ ಪರವಶತೆ ತನ್ನ ಮೈಗೂ ಯಾವಾಗ ಬರುತ್ತದೆ ಎಂಬುದೇ ಅವಳ ಹುಡುಕಾಟ. ಆಗ ಸರಿಯಾದ ಬಿಡುಗಡೆ ಕಾಣದ ಆ ಚಿತ್ರ ಚಿತ್ರಮಂದಿರಗಳಿಗೆ ಬಂದದ್ದು 2015ರಲ್ಲಿ. ಕಾಲಿನ್ಸ್ 1988ರಲ್ಲೇ ತೀರಿಕೊಂಡಿದ್ದರು. ಸಾರಾಳ ತಾಯಿ ಅದರಲ್ಲಿ ನಟಿ. ದೈವಭಕ್ತೆ ಮುದುಕಿಯರ ಪಾತ್ರ ಅವಳಿಗೆ ಸಾಕಾಗಿದೆ. ದೇವರಿಗಿಂತ ಹೆಚ್ಚಾಗಿ ಗಂಡಸರನ್ನು ನೆನೆಯುವ, ಅರವತ್ತರ ನಿಜವಾದ ಹೆಂಗಸಿನ ಪಾತ್ರವೊಂದನ್ನು ಯಾರಾದರೂ ಬರೆದುಕೊಡಲಿ ಎಂದು ಅವಳು ಕಾಯುತ್ತಿದ್ದಾಳೆ.