ಎಲ್ಲದಕ್ಕೂ ‘ಗ್ಯಾಸ್ಟ್ರಿಕ್’ ಅಂದರೆ ಹೇಗೆ?

ನಮ್ಮ ಕಡೆಯ ಅಡಿಕೆ ಬೆಳೆಗಾರರೊಬ್ಬರನ್ನು ತೋಟಗಾರಿಕೆ ಅಧಿಕಾರಿಯ ಮುಂದೆ ಕೂರಿಸಿ ನೋಡಿ. ಮರಕ್ಕೆ ಏನಾಗಿದೆ ಎಂದು ಕೇಳಿದರೆ ಅವರು ‘ಏನೋ ಡಿಸೀಸ್’ ಎನ್ನುವುದಿಲ್ಲ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರಿದರೆ ಕೊಳೆ, ಸುಳಿಗೇ ತಗುಲಿದರೆ ಸುಳಿಕೊಳೆ, ಎಲೆ ಗಿಡ್ಡವಾಗಿ ಮುರುಟಿಕೊಂಡರೆ ಹಿಡಿಮುಂಡಿಗೆ, ಬುಡದಿಂದ ಹೋದರೆ ಅಣಬೆ ರೋಗ. ಈಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ತೋಟಗಳನ್ನು ಹಾಳುಗೆಡವುತ್ತಿರುವ ಪಿಡುಗಿಗೂ ಎಲೆಚುಕ್ಕಿ ಎಂಬ ಹೆಸರು ಮನೆಮನೆಯ ಮಾತಾಯಿತು. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಕಟಿಸಿದ ವರದಿಯ ಹೆಸರಿನಲ್ಲೇ ‘ಕೊಳೆರೋಗ’ ಇದೆ. ಬೆಳೆಗಾರ ಆಡಿದ ಮಾತನ್ನೇ ವಿಜ್ಞಾನಿ ಬರೆದುಕೊಂಡರು.

ಮರದ ವಿಷಯದಲ್ಲಿ ಇಷ್ಟು ಖಚಿತವಾಗಿ ಮಾತಾಡುವ ಅದೇ ಯಜಮಾನರು ಎದೆ ಒತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಬಂದಾಗ ಹೇಳುವುದು ಒಂದೇ: “ಗ್ಯಾಸ್ಟ್ರಿಕ್ ಆಗಿದೆ, ಒಂದು ಮಾತ್ರೆ ಕೊಡಿ.”

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಊರವರಿಗೆ ‘ನರ್ಸಕ್ಕ’. ಆ ಹೆಸರಿನಲ್ಲಿ ಇಂಗ್ಲಿಷೂ ಇದೆ, ಕನ್ನಡವೂ ಇದೆ. ಎರಡೂ ನನಗೆ ಪ್ರೀತಿಯವೇ. ಇಂಗ್ಲಿಷ್ ಮಾತೇ ಬೇಡ ಎಂದು ಹಟ ಹಿಡಿಯಲು ನಾನಿದನ್ನು ಬರೆಯುತ್ತಿಲ್ಲ. ಬಿ.ಪಿ., ಇಸಿಜಿ, ಎಕ್ಸ್‌ರೇ, ಇನ್ಸುಲಿನ್ ನಮ್ಮ ಊರುಗಳಿಗೆ ಬಂದದ್ದೇ ಆ ಹೆಸರಿನಿಂದ. ಶರಾವತಿ ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಕಾದು ನಿಂತವರು ‘ಲಾಂಚ್ ಬಂತಾ’ ಅಂತಲೇ ಕೇಳುತ್ತಿದ್ದರು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆದಮೇಲೂ ಹಳೆಯ ದಿನಗಳ ಮಾತು ಬಂದರೆ ಲಾಂಚ್ ಲಾಂಚೇ. ಹೊಸದಾಗಿ ಬಂದ ವಸ್ತು ತನ್ನ ಹೆಸರನ್ನೂ ಜೊತೆಗೆ ತಂದರೆ ಯಾರಿಗೂ ನಷ್ಟವಿಲ್ಲ.

ಆದರೆ ಹೊಟ್ಟೆ, ಎದೆ, ಹಸಿವು, ಸುಸ್ತು, ಮುಟ್ಟು, ನಂಟು ಹೊಸದಾಗಿ ಬಂದವಲ್ಲ. ಇವನ್ನು ಹೇಳಲು ನಾವೀಗ ಹಿಡಿದಿರುವ ಇಂಗ್ಲಿಷ್ ಮಾತುಗಳು ನಾವು ಬಿಟ್ಟ ಕನ್ನಡಕ್ಕಿಂತ ಮೊಂಡು. ಇದರಿಂದ ರೋಗಿಗೆ ಪೆಟ್ಟು ಬೀಳುತ್ತಿದೆ. ನಾನು ನೋಡಿದ್ದೇನೆ.

ಹೊಸನಗರ ತಾಲ್ಲೂಕಿನಲ್ಲಿದ್ದಾಗ ಒಂದು ದಿನ ಅಜ್ಜಿಯೊಬ್ಬರನ್ನು ಮೊಮ್ಮಗ ಆರೋಗ್ಯ ಕೇಂದ್ರಕ್ಕೆ ಕಾರಿನಲ್ಲಿ ಕರೆತಂದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ, ಅಜ್ಜಿಯ ಮೇಲೆ ಜೀವ ಇಟ್ಟುಕೊಂಡವನು. ಅಜ್ಜಿ ಬಾಯಿ ತೆರೆಯುವ ಮೊದಲೇ “ಗ್ಯಾಸ್ಟ್ರಿಕ್ ಪ್ರಾಬ್ಲಂ ಸಿಸ್ಟರ್, ನಿನ್ನೆ ನೈಟ್ ಹಲಸಿನ ಹಣ್ಣಿನ ಕಡುಬು ತಿಂದಿದ್ರು” ಅಂದ. ನಾನು ಅಜ್ಜಿಯ ಪಕ್ಕ ಕೂತು, “ಏನಾಗ್ತದೆ ಅಮ್ಮಾ, ನೀವೇ ಹೇಳಿ” ಅಂದೆ.

“ಎದೆ ಮೇಲೆ ಕಲ್ಲು ಹೇರಿದ ಹಂಗಾಗ್ತದೆ ನರ್ಸಕ್ಕ. ಉರಿ ಅಲ್ಲ, ಬಿಗಿತ. ತೋಟದಿಂದ ದರೆ ಹತ್ತಿ ಬರೋವಾಗ ಹಿಡ್ಕೊಳ್ತದೆ, ಜಗಲಿ ಮೇಲೆ ಕೂತ್ರೆ ಬಿಡ್ತದೆ. ಎಡಗೈ ಸೆಳೀತದೆ. ಇವತ್ತು ಕೂತ್ರೂ ಬಿಡ್ಲಿಲ್ಲ, ಮೈಯೆಲ್ಲ ಬೆವರು.”

ಹೃದಯಕ್ಕೆ ರಕ್ತ ಸಾಲದೆ ಬರುವ ನೋವನ್ನು ತರಬೇತಿಯಲ್ಲಿ ನಮಗೆ ಹೇಗೆ ಹೇಳಿಕೊಟ್ಟಿದ್ದರೋ ಆ ಅಜ್ಜಿ ಅದಕ್ಕಿಂತ ಸ್ಪಷ್ಟವಾಗಿ ಹೇಳಿದರು. ಉರಿ ಅಲ್ಲ, ಬಿಗಿತ. ಏರು ಹತ್ತಿದರೆ ಹೆಚ್ಚು, ಕೂತರೆ ಕಡಿಮೆ. ಕೈಗೆ ಹರಡುತ್ತದೆ. ಇವತ್ತು ಬೇರೆ ಥರ ಆಗಿದೆ. ವೈದ್ಯರು ಕೂಡಲೇ ಇಸಿಜಿ ತೆಗೆದು, ಆಂಬುಲೆನ್ಸ್ ಕರೆಸಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿದರು. ಅಜ್ಜಿ ಉಳಿದರು.

ಎಲ್ಲರೂ ಉಳಿಯಲಿಲ್ಲ. ರಾತ್ರಿ ‘ಗ್ಯಾಸ್ಟ್ರಿಕ್’ ಅಂದುಕೊಂಡು ಓಮಿನ ನೀರು ಕುಡಿದು ಮಲಗಿ, ಬೆಳಗ್ಗೆ ಏಳದೇ ಹೋದವರ ಮನೆಗಳಿಗೆ ನಾನು ಹೋಗಿದ್ದೇನೆ. ಸಾವಿಗೆ ಒಂದು ಮಾತೇ ಕಾರಣ ಎನ್ನಲಾರೆ. ಆಸ್ಪತ್ರೆ ದೂರ, ಸುರಿಯುವ ಮಳೆ, ಫೋನಿಗೆ ಸಿಗ್ನಲ್ ಇಲ್ಲ, ಗಾಡಿ ಇಲ್ಲ, ಎಲ್ಲ ಸೇರಿರುತ್ತದೆ. ಆದರೆ ಆ ಮಾತು ಮನೆಯವರನ್ನು ನಿಶ್ಚಿಂತೆಯಿಂದ ಮಲಗಿಸಿತು. ಎದೆ ಬಿಗಿತ ಅಂದಿದ್ದರೆ ಯಾರೋ ಒಬ್ಬರು ಗಾಬರಿಯಾಗಿ ಎದ್ದು ಕೂರುತ್ತಿದ್ದರು.

ಹೊಟ್ಟೆಯ ಮಾತನ್ನೇ ತೆಗೆದುಕೊಳ್ಳಿ. ಉಬ್ಬರ, ಹುಳಿತೇಗು, ಎದೆಯುರಿ, ನುಲಿತ, ಮುರಿತ, ತೊಳಸುವುದು, ವಾಕರಿಕೆ: ಒಂದೊಂದು ಮಾತಿಗೂ ಕೇಳಬೇಕಾದ ಮುಂದಿನ ಪ್ರಶ್ನೆ ಬೇರೆ. ನುಲಿತ ಅಂದರೆ ಭೇದಿ ಆಗುತ್ತಿದೆಯೇ ಎಂದು ಕೇಳುತ್ತೇವೆ. ತೊಳಸುತ್ತೆ ಅಂದವಳು ಹೊಸದಾಗಿ ಮದುವೆಯಾದ ಹುಡುಗಿಯಾದರೆ ಮುಟ್ಟು ಯಾವಾಗ ಆಗಿತ್ತು ಎಂದು ಕೇಳುತ್ತೇವೆ. ಜೋಮು ಬೇರೆ, ಸೆಳೆತ ಬೇರೆ, ಉಳುಕು ಬೇರೆ. ತಲೆ ಸಿಡಿಯುವುದು ಬೇರೆ, ತಲೆ ತಿರುಗುವುದು ಬೇರೆ, ಕಣ್ಣು ಕತ್ತಲೆ ಬಂದು ಬವಳಿ ಬರುವುದು ಬೇರೆ. ‘ಪೇನ್’, ‘ವೀಕ್ನೆಸ್’, ‘ಗ್ಯಾಸ್ಟ್ರಿಕ್’ ಅಂದಾಗ ಇದೆಲ್ಲ ಅಳಿಸಿಹೋಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರ ಬಾಯಲ್ಲಿ ಆ ಭಾಷೆಯಲ್ಲೂ ನೋವಿಗೆ ನೂರು ಬಗೆಯ ಮಾತಿವೆ. ನಮಗೆ ಸಿಕ್ಕಿರುವುದು ಅದರ ನಾಲ್ಕೇ ನಾಲ್ಕು ಮಾತು. ಆ ನಾಲ್ಕಕ್ಕಾಗಿ ಇದ್ದದ್ದನ್ನೆಲ್ಲ ಬಿಟ್ಟುಕೊಡುತ್ತಿದ್ದೇವೆ.

ಮಕ್ಕಳ ವಿಷಯದಲ್ಲಿ ನನಗೆ ಸಂಕಟ ಇನ್ನೂ ಹೆಚ್ಚು. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಕಟ್ಟಿರುವ ಮನೆಯಲ್ಲೇ ತಾಯಿ ಮಗುವಿಗೆ ‘ಕೌ ನೋಡು, ಮಿಲ್ಕ್ ಕುಡಿ, ಹ್ಯಾಂಡ್ ವಾಶ್ ಮಾಡು’ ಎನ್ನುತ್ತಾಳೆ. ಶಾಲೆಯಲ್ಲಿ ಮಗು ಹಿಂದೆ ಬೀಳಬಾರದು ಎಂಬ ಅವಳ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಆ ಮಗು ಜ್ವರ ಬಂದಾಗ ನನ್ನೆದುರು ಕೂತು ‘ಸ್ಟಮಕ್ ಪೇನ್’ ಎನ್ನುತ್ತದೆ. ಹಸಿದರೂ ಅದೇ, ವಾಂತಿ ಬರುವ ಹಾಗಾದರೂ ಅದೇ, ಶಾಲೆಗೆ ಹೋಗಲು ಅಂಜಿಕೆಯಾದರೂ ಅದೇ. ಕನ್ನಡದಲ್ಲಿ ಕೇಳಿದರೆ ಆ ಮಾತುಗಳು ಅದಕ್ಕೆ ಬರುವುದಿಲ್ಲ, ಯಾಕೆಂದರೆ ಮನೆಯಲ್ಲಿ ಯಾರೂ ಅದರ ಜೊತೆ ಆಡಿಲ್ಲ. ಇಂಗ್ಲಿಷಿನಲ್ಲಿ ಹೇಳುವಷ್ಟು ಇಂಗ್ಲಿಷೂ ಅದಕ್ಕೆ ಇನ್ನೂ ಬಂದಿಲ್ಲ.

ನಂಟಿನ ಮಾತೂ ಹೀಗೆಯೇ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ, ಸಣ್ಣ ವಯಸ್ಸಿನಲ್ಲಿ ಹೃದಯದ ತೊಂದರೆ ಬಂದಿತ್ತೇ ಎಂದು ಕೇಳುವುದು ನಮ್ಮ ಕೆಲಸ. ‘ಅಂಕಲ್‌ಗೆ ಇತ್ತು’ ಅಂದರೆ ಏನು ಬರೆದುಕೊಳ್ಳಲಿ? ಚಿಕ್ಕಪ್ಪನೋ, ಸೋದರಮಾವನೋ, ಅತ್ತೆಯ ಗಂಡನೋ, ಪಕ್ಕದ ಮನೆಯವರೋ? ಮೊದಲಿನ ಇಬ್ಬರಾದರೆ ರಕ್ತ ಸಂಬಂಧ, ಎಚ್ಚರ ಬೇಕು. ಆಮೇಲಿನ ಇಬ್ಬರಾದರೆ ಈ ರೋಗಿಗೂ ಆ ಕಾಯಿಲೆಗೂ ಹಾಗೆ ನಂಟಿಲ್ಲ. ಕನ್ನಡದಲ್ಲಿ ಕರೆಯುವಾಗಲೇ ಗೊತ್ತಾಗುತ್ತಿದ್ದದ್ದನ್ನು ಈಗ ನಾಲ್ಕು ಪ್ರಶ್ನೆ ಕೇಳಿ ಹೊರಡಿಸಬೇಕು. ಹೊರಗೆ ಸಾಲು ನಿಂತಿರುವಾಗ ಆ ನಾಲ್ಕು ಪ್ರಶ್ನೆ ಕೇಳಲು ಎಲ್ಲರಿಗೂ ಪುರುಸೊತ್ತಿರುವುದಿಲ್ಲ.

ಹೆಸರೇ ಜೀವ ಉಳಿಸಿದ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆಗೆ ವಿಜ್ಞಾನಿಗಳು ಆ ಕಾಡಿನ ಹೆಸರಿಟ್ಟರು. ಇಲಾಖೆಯ ಕಡತದಲ್ಲಿ ಅದು ಕೆಎಫ್‌ಡಿ. ಊರವರಿಗೆ ಮಂಗನ ಕಾಯಿಲೆ. ಕೆಎಫ್‌ಡಿ ಎಂಬ ಮೂರು ಅಕ್ಷರ ಸೊಪ್ಪು ತರಲು ಕಾಡಿಗೆ ಹೋಗುವ ಹೆಂಗಸಿಗೆ ಏನನ್ನೂ ತಿಳಿಸುವುದಿಲ್ಲ. ಮಂಗನ ಕಾಯಿಲೆ ಅಂದ ಕೂಡಲೇ ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು ಎಂಬುದು ತಲೆಗೆ ಬರುತ್ತದೆ. ಅದನ್ನು ಹರಡುವ ಉಣುಗು ಕಚ್ಚಿತ್ತೇ ಎಂದು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವರನ್ನು ಬಲಿ ತೆಗೆದುಕೊಂಡಾಗ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಹೋಗಿ ಹೇಳಬೇಕಾಗಿದ್ದದ್ದು ಇದೇ ಮಾತುಗಳಲ್ಲಿ.

ಒಂದು ಕಡೆ ಮಾತ್ರ ಇಂಗ್ಲಿಷಿಗೆ ನಾನು ಕೃತಜ್ಞಳು. ‘ಹೊರಗಾಗಿದ್ದಾಳೆ’ ಎಂದು ಹುಡುಗಿಯರನ್ನು ಮೂರು ದಿನ ಜಗಲಿಯ ಮೂಲೆಗೆ ಕೂರಿಸುತ್ತಿದ್ದ ಮನೆಗಳಲ್ಲಿ ಇವತ್ತು ಅಪ್ಪನ ಎದುರೇ ಮಗಳು ‘ಪೀರಿಯಡ್ಸ್, ಹೊಟ್ಟೆನೋವು’ ಎನ್ನುತ್ತಾಳೆ. ಹಳೆಯ ಮಾತಿನ ಜೊತೆಗೆ ಬರುತ್ತಿದ್ದ ಮೈಲಿಗೆ ಈ ಮಾತಿನ ಜೊತೆ ಬರಲಿಲ್ಲ. ಅದನ್ನು ಆ ಹುಡುಗಿಯರ ಬಾಯಿಂದ ಕಿತ್ತುಕೊಳ್ಳಿ ಎಂದು ನಾನು ಹೇಳಲಾರೆ. ಆದರೆ ಮೈಲಿಗೆಯನ್ನು ಕನ್ನಡದಲ್ಲೇ ಕಳಚಲು ಸಾಧ್ಯ ಎಂದು ತೋರಿಸಿದವರು ತೀರ್ಥಹಳ್ಳಿಯಲ್ಲೇ ಹುಟ್ಟಿದ ಡಾ. ಅನುಪಮಾ ನಿರಂಜನ. ವೈದ್ಯೆಯಾಗಿದ್ದ ಅವರು ‘ಕೇಳು ಕಿಶೋರಿ’, ‘ತಾಯಿ-ಮಗು’ ಬರೆದರು. ಹೆಣ್ಣಿನ ದೇಹದ ಬಗ್ಗೆ ನಾಚಿಕೆಯಿಲ್ಲದೆ, ಅಸಹ್ಯವೂ ಇಲ್ಲದೆ ಕನ್ನಡದಲ್ಲಿ ಮಾತಾಡುವುದನ್ನು ನಾನು ಕಲಿತದ್ದು ಆ ಪುಸ್ತಕಗಳಿಂದ. ಈಗಿನ ಹೈಸ್ಕೂಲು ಹುಡುಗಿಯರಿಗೂ ಅವು ಸಿಗಬೇಕು.

ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕು ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದಿದ್ದರು. ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿದ್ದರೆ ನನ್ನ ಅಭ್ಯಂತರವಿಲ್ಲ. ಔಷಧಿ ಅಂಗಡಿಯವರಿಗೆ ತಪ್ಪಾಗಬಾರದು. ‘ಊಟಕ್ಕೆ ಮುಂಚೆ’, ‘ರಾತ್ರಿ ಮಲಗುವಾಗ’, ‘ಜ್ವರ ಬಂದರೆ ಮಾತ್ರ’ ಎಂಬುದಂತೂ ಕನ್ನಡದಲ್ಲೇ ಇರಲಿ. ಅದಕ್ಕಿಂತ ಮೊದಲು, ಚೀಟಿ ಬರೆಯುವುದಕ್ಕೂ ಮುಂಚಿನ ಮಾತುಕತೆ ಕನ್ನಡದಲ್ಲಿ ಆಗಲಿ. ಅಜ್ಜಿಯನ್ನು ಕರೆತಂದ ಮಕ್ಕಳು, ಮೊಮ್ಮಕ್ಕಳು ದಯವಿಟ್ಟು ಅವರನ್ನೇ ಮಾತಾಡಲು ಬಿಡಿ. ಅವರು ಹೇಳಿದ್ದನ್ನು ತಿದ್ದಬೇಡಿ, ಚಿಕ್ಕದು ಮಾಡಬೇಡಿ.

ಗ್ರಾಮೀಣ ಸೇವೆಗೆಂದು ನಮ್ಮ ಕಡೆ ಬರುವ ಎಳೆಯ ವೈದ್ಯರಲ್ಲಿ ಕಲಬುರಗಿಯವರಿರುತ್ತಾರೆ, ಬೆಂಗಳೂರಿನವರಿರುತ್ತಾರೆ. ಉಣುಗು, ಬವಳಿ, ತೊಳಸು ಅವರಿಗೆ ಹೊಸದಾಗಿರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂತಹ ಮಾತುಗಳ ಪಟ್ಟಿಯೊಂದನ್ನು ಮಾಡಿ ಹೊಸಬರ ಕೈಗೆ ಮೊದಲ ದಿನವೇ ಕೊಡಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ಆಶಾ ಕಾರ್ಯಕರ್ತೆಯರ ತಿಂಗಳ ಸಭೆಯಲ್ಲಿ ಅರ್ಧ ದಿನ ಇದಕ್ಕೇ ಮೀಸಲಿಟ್ಟರೆ ಪಟ್ಟಿ ತಯಾರಾಗುತ್ತದೆ. ಆ ಮಾತುಗಳನ್ನು ದಿನವೂ ಕೇಳುವವರು ಅವರೇ. ಯಾವ ಆಸ್ಪತ್ರೆಯವರು ಮೊದಲು ಶುರುಮಾಡಿದರೂ ಅಲ್ಲಿಗೆ ಬಂದು ಬರೆದುಕೊಡಲು ನಾನು ತಯಾರಿದ್ದೇನೆ.