ಒಂದೇ ರನ್‌ವೇ, ಎರಡು ಬಳಕೆ

ಬೀದರಿನ ವಾಯುಸೇನಾ ನೆಲೆಯಲ್ಲಿ ಯುವ ವೈಮಾನಿಕರು ಹಾಕ್ ಜೆಟ್‌ಗಳಲ್ಲಿ ತರಬೇತಿ ಪಡೆಯುತ್ತಾರೆ. 2020ರ ಫೆಬ್ರವರಿಯಲ್ಲಿ ಅಲ್ಲಿ ಪ್ರಯಾಣಿಕ ವಿಮಾನಗಳಿಗೂ ಎಡೆ ದೊರೆಯಿತು. ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣವೂ 2008ರ ಮೇ ತಿಂಗಳವರೆಗೆ ಹೀಗೆಯೇ ಎರಡು ಬಗೆಯ ವಿಮಾನಗಳಿಗೆ ಆಶ್ರಯವಿತ್ತಿತ್ತು. ಇಂತಹ ಹಂಚಿಕೆ ಯುಕ್ತವೇ?

ಯುಕ್ತವೆಂದೇ ನಮ್ಮ ಅಭಿಮತ. ಬಯಲುಸೀಮೆಯವರಾದ ನಾವು ನೆಲದ ಬೆಲೆಯನ್ನು ಬಲ್ಲೆವು. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ, ದನಕುರಿಗಳು ಮೇಯುತ್ತಿದ್ದ ಕಾವಲಿನಲ್ಲಿ 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ತೆರೆಯಿತು. ದೇಶಕ್ಕೆ ಅದು ಬೇಕಾದುದೇ. ಆದರೆ ಹೋದ ಹುಲ್ಲುಗಾವಲು ಮರಳಿ ಬಾರದು. ಇರುವ ರನ್‌ವೇ ಸೇನೆಗೂ ಜನರಿಗೂ ಒದಗುವಲ್ಲಿ ಮತ್ತೊಂದನ್ನು ಹಾಸುವುದು ದುಂದು.

ಆದರೆ ನೆಲವನ್ನು ಹಂಚಿಕೊಂಡಷ್ಟು ಸುಲಭವಾಗಿ ಕಾಲವನ್ನು ಹಂಚಿಕೊಳ್ಳಲಾಗದು. ಒಂದು ವಿಮಾನ ರನ್‌ವೇ ಬಿಡುವವರೆಗೆ ಇನ್ನೊಂದು ಇಳಿಯುವಂತಿಲ್ಲ. ಅಷ್ಟೇ ಅಲ್ಲ, ಹಾರುವ ವಿಮಾನದ ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಹೆಚ್ಚು, ಮೇಲೆ ಕಡಿಮೆ. ಆದುದರಿಂದ ರೆಕ್ಕೆಯ ತುದಿಗಳಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಹೊರಳಿ, ಎರಡು ಸುಳಿಗಳಾಗಿ ಹಿಂದೆ ಉಳಿಯುತ್ತದೆ. ವಿಮಾನ ಭಾರವಾದಷ್ಟೂ ಸುಳಿ ಬಲವಾಗುತ್ತದೆ. ಹಿಂದೆ ಬರುವ ಹಗುರ ವಿಮಾನವನ್ನು ಅದು ಮಗುಚಬಲ್ಲದು. ಭಾರಿ ವಿಮಾನದ ಹಿಂದೆ ಎರಡು ಮೂರು ನಿಮಿಷಗಳ ಅಂತರ ಬಿಡುವುದು ಇದಕ್ಕಾಗಿಯೇ. ಈ ನಿಮಿಷಗಳು ಸೇನಾಧಿಕಾರಿಯ ಆಜ್ಞೆಗೂ ಪ್ರಯಾಣಿಕನ ಅವಸರಕ್ಕೂ ಮಣಿಯುವುದಿಲ್ಲ.

ಆದಕಾರಣ ತರಬೇತಿಯ ವೇಳೆಯನ್ನೂ ಪ್ರಯಾಣದ ವೇಳೆಯನ್ನೂ ಉಭಯರೂ ಕೂಡಿ ಮೊದಲೇ ಗೊತ್ತುಮಾಡಿಕೊಳ್ಳಬೇಕು. ವಿಪತ್ತಿನಲ್ಲಿ ದೇಶರಕ್ಷಣೆಯೇ ಮೊದಲು, ಸಂದೇಹವಿಲ್ಲ. ಉಳಿದ ದಿನಗಳಲ್ಲಿ, ಚಿಕಿತ್ಸೆಗೋ ಉದ್ಯೋಗಕ್ಕೋ ಹೊರಟ ಬೀದರಿನ ಪ್ರಯಾಣಿಕನಿಗೆ ಕೊಟ್ಟ ವೇಳೆಯನ್ನು ಉಳಿಸಿಕೊಡುವುದೇ ನ್ಯಾಯ.