ವಿಜ್ಞಾನದ ಜಗಲಿ: ಮೊಳೆಯೋ, ಮೃತ್ಯುವೋ?

ಮೆಟ್ರೋ ನಿಲ್ದಾಣದ ಚೌಕಟ್ಟನ್ನು ದಾಟುವಾಗ ‘ಕುಂಯ್’ ಎಂಬ ಸದ್ದನ್ನು ಕೇಳದ ದಿಲ್ಲಿ ಕನ್ನಡಿಗರುಂಟೆ? ಸೊಂಟಪಟ್ಟಿಯ ಕೊಕ್ಕೆಗೂ ಬೀಗದಕೈ ಗೊಂಚಲಿಗೂ ಅದರದು ಒಂದೇ ರಾಗ. ಕಾವಲಿನವರು ಕೈಯ ಕೋಲನ್ನು ಮೈಮೇಲೊಮ್ಮೆ ಆಡಿಸಿ ಮುಂದಕ್ಕೆ ಕಳುಹಿಸುತ್ತಾರೆ. ಇದೇ ಯಂತ್ರದ ಒಡಹುಟ್ಟನ್ನು ಹಿಡಿದು ನೆಲಬಾಂಬುಗಳನ್ನು ಹುಡುಕುವ ಸೈನಿಕನಿಗೆ ಅಷ್ಟು ಸುಲಭವಾಗಿ ಮುಂದಡಿ ಇಡುವ ಭಾಗ್ಯವಿಲ್ಲ.

ಯಂತ್ರದ ಗುಟ್ಟು ಇಷ್ಟೆ. ತಂತಿಯ ಸುರುಳಿಯಲ್ಲಿ ಏರಿಳಿಯುವ ವಿದ್ಯುತ್ತನ್ನು ಹರಿಸಿದರೆ ಸುತ್ತಲೂ ಏರಿಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ನೆಲದೊಳಗಿನ ಲೋಹವನ್ನು ಮುಟ್ಟಿದಾಗ ಲೋಹದಲ್ಲಿ ಸುಳಿಸುಳಿಯಾಗಿ ವಿದ್ಯುತ್ತು ಎದ್ದು, ತನ್ನದೇ ಕ್ಷೀಣ ಕಾಂತಕ್ಷೇತ್ರವನ್ನು ಹಿಂದಕ್ಕೆ ಕಳುಹಿಸುತ್ತದೆ. ಯಂತ್ರ ಅದನ್ನು ಹಿಡಿದು ಕಿವಿಗೆ ಸದ್ದಾಗಿ ಮುಟ್ಟಿಸುತ್ತದೆ. ಗಮನಿಸಿರಿ, ಅದು ಬಲ್ಲುದು ಲೋಹವನ್ನು ಮಾತ್ರ. ಸಿಡಿಮದ್ದಿನ ಪರಿಚಯವೇ ಅದಕ್ಕಿಲ್ಲ.

ಈ ತೊಡಕು ಹಳೆಯದು. ಟೆಲಿಫೋನಿನ ಗ್ರಹಾಂ ಬೆಲ್ಲರು 1881ರಲ್ಲಿ, ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೈಯೊಳಗಿನ ಗುಂಡನ್ನು ಇಂಥದೇ ಉಪಕರಣದಿಂದ ಹುಡುಕಹೊರಟರು. ಗುಂಡು ಸಿಕ್ಕಲಿಲ್ಲ, ಹಾಸಿಗೆಯ ಉಕ್ಕಿನ ಸುರುಳಿಗಳೂ ಸದ್ದು ಕೆಡಿಸಿದುವೆನ್ನುತ್ತಾರೆ. ಪೋಲೆಂಡಿನ ಕೊಸಾಟ್ಸ್ಕಿ ಎಂಬ ಸೇನಾಧಿಕಾರಿ ರೂಪಿಸಿದ ಕೈಶೋಧಕವು 1942ರ ಎಲ್ ಅಲಮೈನ್ ಕಾಳಗದಲ್ಲಿ ಮರುಭೂಮಿಯ ಬಾಂಬುಗಳ ನಡುವೆ ದಾರಿ ಬಿಡಿಸಿಕೊಟ್ಟಿತು. ಆದರೆ ಬಾಂಬು ಮಾಡುವವರೇನು ದಡ್ಡರೆ? ಮರ, ಪ್ಲಾಸ್ಟಿಕ್ಕುಗಳ ಕವಚ ತೊಡಿಸಿದರು. ಕಡೆಗೆ 1996ರ ಅಂತರರಾಷ್ಟ್ರೀಯ ಒಪ್ಪಂದವೊಂದು, ಕಾಲಾಳುಗಳಿಗಾಗಿ ಹೂಳುವ ಬಾಂಬು 8 ಗ್ರಾಂ ಕಬ್ಬಿಣದಷ್ಟಾದರೂ ಸದ್ದು ಕೊಡಬೇಕೆಂದು ವಿಧಿಸಿತು. ಭಾರತವೂ ಅದಕ್ಕೆ ಬದ್ಧ. ಒಂದು ತೊಲಕ್ಕಿಂತ ಕಡಿಮೆ! ಕೊಲ್ಲುವುದಕ್ಕೂ ಇಂಥದೊಂದು ಮರ್ಯಾದೆ ಗೊತ್ತುಮಾಡಬೇಕಾಯಿತೆಂಬುದು ವಿಚಿತ್ರವೇ ಸರಿ.

ಇದು ದೂರದ ಮಾತಲ್ಲ. 2001ರ ಡಿಸೆಂಬರ್ 13ರಂದು ನಮ್ಮ ಈ ಊರಿನ ಸಂಸತ್ ಭವನದ ಮೇಲೆ ದಾಳಿಯಾದ ಬೆನ್ನಿಗೇ ಗಡಿಯಲ್ಲಿ ಸೇನೆ ಜಮಾಯಿಸಿತು. ಪಂಜಾಬು, ರಾಜಸ್ಥಾನ, ಜಮ್ಮುವಿನ ಹೊಲಗಳಲ್ಲಿ ಬಾಂಬುಗಳನ್ನು ಹೂಳಲಾಯಿತು. ಸೇನೆ ಹಿಂದೆ ಸರಿದ ಮೇಲೂ ಅವನ್ನು ತೆಗೆಯುವ ಕೆಲಸ ವರ್ಷಗಟ್ಟಲೆ ಸಾಗಿತು. ಹೂಳುವುದು ಬೇಗ, ತೆಗೆಯುವುದು ಗೇಣುಗೇಣಾಗಿ. ತನ್ನದೇ ಹೊಲದಂಚಿನಲ್ಲಿ ನಿಂತು ನೋಡುತ್ತಿದ್ದ ರೈತನಿಗೆ ಅದು ಎಷ್ಟು ಉದ್ದದ ಕಾಲವೋ!

ನೆಲದೊಳಕ್ಕೆ ರೇಡಿಯೋ ಅಲೆಗಳನ್ನು ಕಳುಹಿಸಿ ಪ್ರತಿಧ್ವನಿ ಕೇಳುವ ರಾಡಾರು ಪ್ಲಾಸ್ಟಿಕ್ಕನ್ನೂ ಪತ್ತೆಮಾಡಬಲ್ಲುದು. ಒಣ ಮರಳಿನಲ್ಲಿ ಚೆನ್ನಾಗಿ ನಡೆಯುತ್ತದೆ. ಒದ್ದೆ ಜೇಡಿಯಲ್ಲಾದರೆ ಅಲೆಗಳು ಇಂಗಿಹೋಗುತ್ತವೆ. ನಮ್ಮ ಕರಾವಳಿಯ ಮುರಕಲ್ಲಿನಂಥ ಕಬ್ಬಿಣದಂಶದ ನೆಲದಲ್ಲಿ ಲೋಹಶೋಧಕವೇ ಬರಿದೆ ಕೂಗೀತು.

ಆದ್ದರಿಂದ ಕೊನೆಯ ತೀರ್ಪು ಕೈಯದೇ. ಬೆಂಗಳೂರಿನ ಹಲಸೂರಿನ ಮದರಾಸು ಸ್ಯಾಪರುಗಳನ್ನು ಬಲ್ಲವರಿಗೆ ಈ ಕಸುಬು ಹೊಸದಲ್ಲ. ಸದ್ದು ಬಂದಲ್ಲಿ ಬೋರಲು ಮಲಗಿ, ತೆಳ್ಳನೆಯ ಸಲಾಕೆಯನ್ನು ಓರೆಯಾಗಿ ಮೆಲ್ಲನೆ ತೂರಿಸಬೇಕು. ನೆಟ್ಟಗೆ ಚುಚ್ಚಿದರೆ ಬಾಂಬಿನ ನೆತ್ತಿಯನ್ನೇ ಒತ್ತಿದಂತಾದೀತು. ಬಹುಪಾಲು ಸಲ ಸಿಕ್ಕುವುದು ತುಕ್ಕು ಹಿಡಿದ ಮೊಳೆ, ಇಲ್ಲವೆ ಡಬ್ಬಿಯ ಚೂರು. ಅದನ್ನು ಬದಿಗಿಟ್ಟು, ಮತ್ತೆ ಮೊದಲ ಬಾಂಬನ್ನು ಹುಡುಕುವಷ್ಟೇ ಎಚ್ಚರದಿಂದ ಮುಂದಿನ ಗೇಣಿಗೆ ಕೈಹಾಕುತ್ತಾರೆ.